ಕರಾವಳಿ ಸ್ಟೇಷನ್‌ಗೆ ಬೆಳಗಾವಿಯ ಅಪ್‌ವಿಂಡ್ ಲೆಕ್ಕ ನಡೆಯುವುದಿಲ್ಲ

ಮಂಗಳೂರಿನ ಆಂಬಿಯೆಂಟ್ ಏರ್ (ಹೊರಗಿನ ಗಾಳಿಯ ಗುಣಮಟ್ಟ) ರಿಪೋರ್ಟೊಂದು ಬೆಳಗಾವಿಯ ಲ್ಯಾಬಿನಲ್ಲಿ ಸಹಿಗೆ ಬಂದಿತ್ತು. ರಿವ್ಯೂನಲ್ಲಿ ಎದ್ದ ಮೊದಲ ಪ್ರಶ್ನೆ: "ಇದನ್ನ ಅಪ್‌ವಿಂಡ್ ಅಂತ ಬರದೀರಿ, ಡೌನ್‌ವಿಂಡ್‌ಕಿಂತ ಪಿಎಂ10 ಇದರಾಗ ಹೆಚ್ಚ ಐತೆಲ್ರೀ?" ಅಪ್‌ವಿಂಡ್ ಅಂದರೆ ಗಾಳಿ ಬರುವ ಕಡೆ, ಕಾರ್ಖಾನೆಯ ಹೊಗೆ ತಲುಪದ ಜಾಗ; ಡೌನ್‌ವಿಂಡ್ ಅಂದರೆ ಆ ಹೊಗೆ ಹೋಗುವ ಕಡೆ. ಪಿಎಂ10 ಅಂದರೆ 10 ಮೈಕ್ರಾನ್‌ವರೆಗಿನ ಧೂಳು. ಆಮೇಲೆ ನಡೆದದ್ದು ಧೂಳು ಹಿಡಿಯುವ ಫಿಲ್ಟರ್ ಪೇಪರಿನ ತೂಕದ ತಪಾಸಣೆ. ಟೇರ್ ವೇಟ್ (ಖಾಲಿ ಪೇಪರಿನ ತೂಕ) ಸರಿ ಇತ್ತು. ಗಾಳಿ ಎಳೆದು ಧೂಳು ಹಿಡಿಯುವ ಆರ್‌ಡಿಎಸ್ ಮಷೀನಿನ ಫ್ಲೋ ನಿಮಿಷಕ್ಕೆ 1.1 ಘನ ಮೀಟರಿನ ಆಸುಪಾಸಿನಲ್ಲೇ ಇತ್ತು. ಮಾತು ಮಷೀನ್ ಬಿಟ್ಟು ಫೀಲ್ಡ್ ಹುಡುಗರ ಕಡೆ ತಿರುಗಿತು, ಅವರು ಉತ್ತರ ಕೊಡಲಾಗದೆ ನಿಂತರು. ಗಾಳಿಯ ದಿಕ್ಕು, ವೇಗ ಬರೆದ ಹಾಳೆಯನ್ನು ಮಾತ್ರ ಯಾರೂ ತೆರೆಯಲಿಲ್ಲ. ಗೋಳು ಇದ್ದದ್ದು ಅಲ್ಲೇ.

ನಮ್ಮ ಬೆಳಗಾವಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ರಾತ್ರಿ ಪಡುವಣ ಗಾಳಿ. ಚಳಿಗಾಲದಲ್ಲಿ ಬಹುಮಟ್ಟಿಗೆ ಮೂಡಣದ್ದು. ಹಾಗಾಗಿ ಟೆಂಪ್ಲೇಟಿನಲ್ಲಿ 'ಪ್ರಧಾನ ದಿಕ್ಕು' ಅಂತ ಒಂದೇ ಖಾನೆ ಇದ್ದರೂ ಇಲ್ಲಿನ ಉದ್ಯಮಬಾಗದ ಫೌಂಡ್ರಿಗಳಿಗೆ ಅಪ್‌ವಿಂಡ್, ಡೌನ್‌ವಿಂಡ್ ಗುರುತಿಸುವುದು ಕಷ್ಟವಲ್ಲ. ಅದೇ ಟೆಂಪ್ಲೇಟನ್ನು ಮಂಗಳೂರಿನ ಕಡಲ ಪಕ್ಕದ ಪಣಂಬೂರಿಗೆ ಹಾಕಿದರೆ ಕೆಡುತ್ತದೆ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕರಾವಳಿಯಲ್ಲಿ ದಿನಕ್ಕೆ ಎರಡು ಗಾಳಿ. ರಾತ್ರಿ ನೆಲದಿಂದ ಕಡಲಿಗೆ, ಮೆಲ್ಲಗೆ, ತೆಳು ಪದರಿನಲ್ಲಿ. ಊರಿನ ಹೊಗೆ, ಧೂಳು ಅದರ ಜೊತೆ ಕಡಲ ದಂಡೆಗೆ ಹೋಗುತ್ತವೆ. ಆಗ ಕಡಲ ಪಕ್ಕದ ಸ್ಟೇಷನ್ನೇ ಡೌನ್‌ವಿಂಡ್. ಬಿಸಿಲು ಏರಿ ನೆಲ ಕಾದ ಮೇಲೆ, ಮಧ್ಯಾಹ್ನಕ್ಕೆ ಮುಂಚೆ, ದಿಕ್ಕು ತಿರುಗಿ ಪಶ್ಚಿಮದಿಂದ ಕಡಲ ಗಾಳಿ ನುಗ್ಗುತ್ತದೆ. ರಾತ್ರಿ ಹೊರಗೆ ಹೋಗಿದ್ದರಲ್ಲಿ ಒಂದಷ್ಟನ್ನು ಅದು ಮರಳಿ ತರುತ್ತದೆ. ತಾಸಿನ ಡೇಟಾದಲ್ಲಿ ಈ ತಿರುವು ಸ್ಪಷ್ಟ: ದಿಕ್ಕು ಬದಲಾಗುತ್ತದೆ, ಆರ್‌ಎಚ್ (ಗಾಳಿಯ ಆರ್ದ್ರತೆ) ಏರುತ್ತದೆ, ತಾಪಮಾನದ ಏರಿಕೆ ನಿಲ್ಲುತ್ತದೆ. ಇನ್ನೂ ಸಣ್ಣ ಕಣಗಳಾದ ಪಿಎಂ2.5 ಒಮ್ಮೆ ಉಬ್ಬಿ ಆಮೇಲೆ ಇಳಿಯುವುದುಂಟು. ಕಡಲ ಗಾಳಿ ತರುವ ಉಪ್ಪಿನ ಕಣಗಳು ದಪ್ಪವಾದ್ದರಿಂದ ಪಿಎಂ10 ಅಷ್ಟು ಇಳಿಯುವುದಿಲ್ಲ. ಪಿಎಂ2.5ಕ್ಕೂ ಪಿಎಂ10ಕ್ಕೂ ಇರುವ ಅನುಪಾತ ಹಗಲಿನಲ್ಲಿ ಕುಸಿದರೆ ಮೊದಲು ಉಪ್ಪನ್ನು ಅನುಮಾನಿಸಿ, ಕಾರ್ಖಾನೆಯನ್ನು ಆಮೇಲೆ.

ಈ ಎರಡು ಗಾಳಿಯನ್ನು ಎಕ್ಸೆಲ್‌ನಲ್ಲಿ ಆವರೇಜ್ ಮಾಡಿದರೆ ಏನಾಗುತ್ತದೆ ನೋಡಿ. ಅರ್ಧ ದಿನ 90 ಡಿಗ್ರಿ (ಪೂರ್ವ), ಅರ್ಧ ದಿನ 270 (ಪಶ್ಚಿಮ), ಬರುವ ಸರಾಸರಿ 180 (ದಕ್ಷಿಣ). ಆ ದಿನ ದಕ್ಷಿಣದಿಂದ ಗಾಳಿ ಬೀಸಿಯೇ ಇಲ್ಲ. ದಿಕ್ಕು, ವೇಗ ಎರಡನ್ನೂ ಕೂಡಿಸುವ ವೆಕ್ಟರ್ ಆವರೇಜ್ ಹಾಕಿ ಅನ್ನುತ್ತಾರೆ ಕೆಲವರು. ಉತ್ತರ ದಿಕ್ಕಿನ ಆಸುಪಾಸಿನ 350 ಮತ್ತು 10ರ ಸರಾಸರಿ 180 ಬರುವ ತೊಂದರೆಗೆ ಅದು ಸರಿಯಾದ ಮದ್ದು. ಇಲ್ಲಿ ಎದುರುಬದುರು ಗಾಳಿಗಳು ಒಂದನ್ನೊಂದು ಹೊಡೆದುಹಾಕಿ, ಉಳಿದ ಚೂರು ಯಾವ ದಿಕ್ಕನ್ನಾದರೂ ತೋರಿಸಬಹುದು. ಹವಾಮಾನ ಇಲಾಖೆಯ 8:30 ಮತ್ತು 17:30ರ ವೀಕ್ಷಣೆಗಳಿಂದ ವಿಂಡ್‌ರೋಸ್ (ಗಾಳಿ ಯಾವ ದಿಕ್ಕಿನಿಂದ ಎಷ್ಟು ಬೀಸಿತೆಂಬ ಚಿತ್ರ) ಬರೆದರೆ ನಡುರಾತ್ರಿಯ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

8 ತಾಸಿಗೊಮ್ಮೆ ಪೇಪರ್ ಬದಲಿಸುವ ಶಿಫ್ಟಿನದೂ ಇದೇ ಗೋಳು. 6ರಿಂದ 14ರ ಪೇಪರಿನಲ್ಲಿ ಬೆಳಗಿನ ನೆಲಗಾಳಿ, ನಡುವಿನ ಸ್ತಬ್ಧತೆ, ಕಡಲ ಗಾಳಿ ಮೂರೂ ಸೇರಿರುತ್ತವೆ. ಮೂಲ ಹುಡುಕಲು ಆ ಪೇಪರ್ ಉಪಯೋಗವಿಲ್ಲ. 22ರಿಂದ 6ರದ್ದು ಉಪಯುಕ್ತ. ಹಗಲಿಗೆ ಪ್ರತ್ಯೇಕವಾಗಿ 11ರಿಂದ 18ರವರೆಗೆ ಆರ್‌ಡಿಎಸ್ ಓಡಿಸಿ. 7 ತಾಸಿಗೆ 462 ಘನ ಮೀಟರ್. ಗಾಳಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಇದ್ದರೂ ಪೇಪರಿನ ಮೇಲೆ ಸುಮಾರು 28 ಮಿಲಿಗ್ರಾಂ ಸಿಗುತ್ತದೆ, ತೂಗಲು ಸಾಕು. ಪಿಎಂ2.5ಕ್ಕೆ ಇದನ್ನು ಮಾಡಬೇಡಿ. ಅದರ ಮಷೀನಿನ 16.67 ಎಲ್‌ಪಿಎಂಗೆ (ನಿಮಿಷಕ್ಕೆ ಲೀಟರ್) 7 ತಾಸಿನಲ್ಲಿ ಬರೀ 7 ಘನ ಮೀಟರ್. ಟೆಫ್ಲಾನ್ ಫಿಲ್ಟರಿನ ಮೇಲಿನ ಧೂಳು ಮೈಕ್ರೋಗ್ರಾಂಗಳ ಲೆಕ್ಕ, ಹ್ಯಾಂಡ್ಲಿಂಗ್ ತಪ್ಪೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಅಲ್ಲಿ ತಾನೇ ಅಳೆಯುವ ಬ್ಯಾಮ್ ಮಷೀನಿನ ತಾಸಿನ ಡೇಟಾ ತೆಗೆದುಕೊಳ್ಳಿ.

ಉಪ್ಪು ಸುಮಾರು 75 ಪರ್ಸೆಂಟ್ ಆರ್ದ್ರತೆಯಲ್ಲಿ ನೀರಾಗುತ್ತದೆ. ಆದ್ದರಿಂದ ಖಾಲಿ ಪೇಪರನ್ನೂ ಧೂಳು ಹಿಡಿದ ಪೇಪರನ್ನೂ 50ಕ್ಕಿಂತ ಕೆಳಗೆ, ಒಂದೇ ಆರ್‌ಎಚ್‌ನಲ್ಲಿ, 24 ತಾಸು ಇಟ್ಟೇ ತೂಗಬೇಕು. ಮಳೆಗಾಲ ಬಿಟ್ಟರೆ ಬೆಳಗಾವಿಯ ಒಣ ಹವೆಯಲ್ಲಿ ಈ ಹಂತ ಬಿಟ್ಟರೂ ಗೊತ್ತಾಗದು. ಕರಾವಳಿಯ ಪೇಪರಿನಲ್ಲಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ವಿಂಡ್ ಸೆನ್ಸರ್. ಉಪ್ಪು ಹಿಡಿದು ವೇಗ ಅಳೆಯುವ ತಿರುಗು ಕಪ್‌ಗಳ ಬೇರಿಂಗ್ ಬಿಗಿಯಾದರೆ ರಾತ್ರಿಯ ಮೆಲುಗಾಳಿ ಅದನ್ನು ತಿರುಗಿಸಲಾರದು. ಡೇಟಾ ದಾಖಲಿಸುವ ಲಾಗರಿನಲ್ಲಿ 'ಕಾಮ್' (ಗಾಳಿ ಇಲ್ಲ) ಅಂತ ಬೀಳುತ್ತದೆ, ನೆಲಗಾಳಿ ಇರಲೇ ಇಲ್ಲ ಅಂತ ರಿಪೋರ್ಟ್ ಹೇಳುತ್ತದೆ. ದಿಕ್ಕು ತೋರಿಸುವ ವೇನ್ ಒಂದೇ ಕೋನದಲ್ಲಿ ಇಡೀ ರಾತ್ರಿ ನಿಂತಿದ್ದರೆ ಆ ರಾತ್ರಿಯ ದಿಕ್ಕನ್ನು ಬಳಸಬೇಡಿ. ಮೊಬೈಲ್ ಕಂಪಾಸನ್ನು ಸೆನ್ಸರ್ ನಿಲ್ಲಿಸಿದ ಕಬ್ಬಿಣದ ಕಂಬಕ್ಕೆ ಹಿಡಿದು ಉತ್ತರ ಹೊಂದಿಸುವುದು ಇನ್ನೊಂದು ತಪ್ಪು. ನಾಲ್ಕಾರು ಮೀಟರ್ ದೂರ ನಿಂತು ಗುರಿ ನೋಡಿ. ತಿರುಗುವ ಭಾಗವಿಲ್ಲದ ಅಲ್ಟ್ರಾಸಾನಿಕ್ ಸೆನ್ಸರ್ ಕೇಳಿದರೆ ದುಬಾರಿ ಅನ್ನುವ ಮ್ಯಾನೇಜ್‌ಮೆಂಟು, ರೀಸ್ಯಾಂಪ್ಲಿಂಗ್‌ಗೆ ಘಟ್ಟ ಇಳಿಯುವ ಗಾಡಿಯ ಖರ್ಚನ್ನೂ ಎದುರಿಗಿಟ್ಟು ನೋಡಬೇಕು.

ಆ ರಿಪೋರ್ಟ್ ಕೊನೆಗೆ ಎರಡು ಕೋಷ್ಟಕವಾಗಿ ಹೋಯಿತು: ಕಡಲ ಗಾಳಿಯ ತಾಸುಗಳು ಒಂದು, ನೆಲಗಾಳಿಯವು ಇನ್ನೊಂದು. ಅಪ್‌ವಿಂಡ್ ಸ್ಟೇಷನ್ನಿನ ಹೆಸರು ಎರಡರಲ್ಲೂ ಬೇರೆ ಬೇರೆ. ಟೆಂಪ್ಲೇಟಿನಲ್ಲಿ ಇಂದಿಗೂ ಒಂದೇ ಖಾನೆ ಇದೆ. ಅದರಲ್ಲಿ 'ಅನುಬಂಧ ನೋಡಿ' ಎಂದು ಬರೆದು, ಈ ಎರಡೂ ಹಾಳೆಗಳನ್ನು ಪಿನ್ ಮಾಡಿ ಕಳಿಸಿ.