ಎಡದಂಡೆ ಕಾಲುವೆಯ ಮೇಲೆ ಮೂರು ಗಾಲಿ

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅಪ್ಪನಿಗೆ ಬೈಕಿನ ಹಿಂದೆ ಕೂರುವುದು ಆಗುತ್ತಿರಲಿಲ್ಲ. ಗಂಗಾವತಿ, ಕಾರಟಗಿ ಸುತ್ತಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ ಅವರಿಗೆ ಮಸ್ಕಿಯ ಅಶೋಕನ ಶಾಸನವನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯಿತ್ತು. ಅದೂ ಡಾಂಬರು ರಸ್ತೆಯಲ್ಲಿ ಕಾರಿನೊಳಗೆ ಕೂತು ಹೋಗಿ ಬರುವುದಲ್ಲ, ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾವು ಸೈಕಲ್ ತುಳಿದ ಕಾಲುವೆ ದಂಡೆಯ ಮೇಲೆ, ಭತ್ತದ ಗದ್ದೆಗಳನ್ನೂ ವಲಸೆ ರೈತರ ಊರುಗಳಾದ ಕ್ಯಾಂಪುಗಳನ್ನೂ ನೋಡುತ್ತ ಹೋಗಬೇಕೆಂದು. ಮನೆಯ ಹಳೆಯ ಬುಲೆಟ್ 350 ಬೈಕಿಗೆ ಸೈಡ್‌ಕಾರ್ (ಪಕ್ಕಕ್ಕೆ ಬಿಗಿಯುವ ಒಂಟಿ ಗಾಲಿಯ ಆಸನ) ಜೋಡಿಸುವ ಯೋಚನೆ ಹುಟ್ಟಿದ್ದು ಹೀಗೆ. ಇಂಥ ಬದಲಾವಣೆಗೆ ಸಾರಿಗೆ ಕಚೇರಿಯ ಅನುಮತಿ ಬೇಕು, ನೋಂದಣಿ ಪತ್ರದಲ್ಲಿ ನಮೂದಾಗಬೇಕು. ಅದನ್ನು ಮುಗಿಸಿಕೊಂಡ ಮೇಲೆಯೇ ನಾವು ಪಾನಾ ಹಿಡಿದೆವು.

ನಮ್ಮಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಚಲಿಸುವುದರಿಂದ ಸೈಡ್‌ಕಾರ್ ಕೂಡ ಎಡಕ್ಕೇ ಬರುತ್ತದೆ. ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕು ಕಡೆ ಅದನ್ನು ಬೈಕಿಗೆ ಬಿಗಿಯಬೇಕು. ಮಣ್ಣಿನ ದಾರಿಯಲ್ಲಿ ಪ್ರತಿ ಕುಲುಕಾಟವೂ ಈ ನಾಲ್ಕು ಜಾಗಗಳ ಮೇಲೆಯೇ ಬೀಳುವುದರಿಂದ, ಚೌಕಟ್ಟಿನ ತೆಳು ಕೊಳವೆಗೆ ನೇರವಾಗಿ ಬೆಸುಗೆ ಹಾಕದೆ, ಇಂಜಿನ್ನಿನ ಕೆಳಗೆ ದಪ್ಪ ಪಟ್ಟಿಯೊಂದನ್ನು ಹಾಯಿಸಿ ಅದರ ಮೇಲೆ ಕ್ಲಾಂಪ್ ಕೂರಿಸಿದೆವು. ಸೈಡ್‌ಕಾರ್ ಗಾಲಿಯ ಅಚ್ಚನ್ನು ಬೈಕಿನ ಹಿಂಗಾಲಿಯ ಅಚ್ಚಿಗಿಂತ 20 ಸೆಂ.ಮೀ. ಮುಂದಿಟ್ಟೆವು, ಎರಡೂ ಒಂದೇ ಸಾಲಿನಲ್ಲಿದ್ದರೆ ಬಲ ತಿರುವಿನಲ್ಲಿ ಸೈಡ್‌ಕಾರಿನ ಮೂತಿ ನೆಲಕ್ಕೆ ಬಾಗಲು ನೋಡುತ್ತದೆ. ಎಳೆತ ಹೆಚ್ಚಲೆಂದು ಮುಂದಿನ ಸ್ಪ್ರಾಕೆಟ್ (ಚೈನು ಹಾಯುವ ಹಲ್ಲುಗಾಲಿ) ತೆಗೆದು ಎರಡು ಹಲ್ಲು ಕಡಿಮೆಯಿರುವುದನ್ನು ಹಾಕಿದೆವು. ಎರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಕಟ್ಟಿಹಾಕುವುದನ್ನು ಈ ಭಾಗದ ಯಾವ ರೈತನಿಗೂ ಹೇಳಿಕೊಡಬೇಕಿಲ್ಲ; ಆದ್ದರಿಂದ ಮೂರೂ ಮಡ್‌ಗಾರ್ಡುಗಳನ್ನು ನಾಲ್ಕು ಬೆರಳು ಮೇಲೆತ್ತಿಸಿದೆವು.

ಅಳತೆಯ ಕೆಲಸಕ್ಕೆ ಸಮತಟ್ಟಾದ ನೆಲ ಬೇಕಾಗಿದ್ದರಿಂದ ಪರಿಚಯದ ರೈಸ್ ಮಿಲ್ಲಿನ ಸಿಮೆಂಟ್ ಅಂಗಳಕ್ಕೆ ಗಾಡಿಯನ್ನು ಒಯ್ದೆವು. ಗಾರೆ ಕೆಲಸದವರ ಉದ್ದನೆಯ ಅಲ್ಯುಮಿನಿಯಂ ಪಟ್ಟಿಗಳೆರಡನ್ನು ತಂದು, ಒಂದನ್ನು ಬೈಕಿನ ಗಾಲಿಗಳಿಗೆ, ಇನ್ನೊಂದನ್ನು ಸೈಡ್‌ಕಾರ್ ಗಾಲಿಗೆ ಒತ್ತಿಟ್ಟು, ಅವುಗಳ ನಡುವಿನ ಅಂತರವನ್ನು ಹಿಂದೆಯೂ ಮುಂದೆಯೂ ಅಳೆದೆವು. ಮುಂದಿನ ಅಂತರ ಹಿಂದಿನದಕ್ಕಿಂತ 15 ಮಿ.ಮೀ. ಕಡಿಮೆ ಇರುವಂತೆ, ಅಂದರೆ ಸೈಡ್‌ಕಾರ್ ಗಾಲಿ ಬೈಕಿನ ಕಡೆಗೆ ಕೊಂಚ ಮುಖ ಮಾಡಿರುವಂತೆ ಬಿಗಿದೆವು. ಆಮೇಲೆ, ಗಾಡಿ ಸೈಡ್‌ಕಾರಿನ ಕಡೆಗೆ ಎಳೆಯದಿರಲೆಂದು, ಅದನ್ನು ಬೈಕಿಗೆ ಬಿಗಿದ ಮೇಲಿನ ಎರಡು ಸರಳುಗಳನ್ನು ತಿರುಗಿಸಿ ಬೈಕು ಒಂದು ಡಿಗ್ರಿಯಷ್ಟು ಬಲಕ್ಕೆ, ಸೈಡ್‌ಕಾರಿನಿಂದ ಆಚೆಗೆ ವಾಲುವಂತೆ ಮಾಡಿದೆವು. ಖಾಲಿ ಗಾಡಿಯನ್ನು ಅಂಗಳದಲ್ಲೇ ನಾಲ್ಕು ಸುತ್ತು ಓಡಿಸಿದಾಗ ಅದು ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಅಷ್ಟಕ್ಕೇ ತೃಪ್ತರಾದದ್ದು ನಮ್ಮ ತಪ್ಪು.

ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಗ್ಗೆ ಆರಕ್ಕೆ ಗಂಗಾವತಿ ಬಿಟ್ಟೆವು. ಕಾರಟಗಿ, ಸಿಂಧನೂರು ಮಾರ್ಗವಾಗಿ ಮಸ್ಕಿ ಸುಮಾರು 80 ಕಿ.ಮೀ. ದೂರ. ಶ್ರೀರಾಮನಗರ ದಾಟಿದ ಮೇಲೆ ಡಾಂಬರು ಬಿಟ್ಟು ಕಾಲುವೆಯ ದಂಡೆ ಏರಿದೆವು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಉದ್ದಕ್ಕೆ ಕೊಪ್ಪಳ, ರಾಯಚೂರು ಸೀಮೆಯನ್ನು ಹಾಯ್ದು ಹೋಗುತ್ತದೆ. ಎರಡನೆಯ ಬೆಳೆಗೆ ಬಿಟ್ಟ ನೀರು ಆ ದಿನ ದಡದ ಹುಲ್ಲನ್ನು ಮುಟ್ಟಿ ಹರಿಯುತ್ತಿತ್ತು. ಆ ನೀರು ನಮ್ಮ ಎಡಕ್ಕಿತ್ತು. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಡಿ ಎಡಕ್ಕೆ ಎಳೆಯತೊಡಗಿತು. ಆಕ್ಸಿಲರೇಟರ್ ಕೊಟ್ಟಾಗ ಸೈಡ್‌ಕಾರಿನ ಭಾರ ಹಿಂದುಳಿದು ಗಾಡಿ ಎಡಕ್ಕೆ ಹೊರಳುವುದೂ, ಬ್ರೇಕ್ ಹಿಡಿದಾಗ ಅದೇ ಭಾರ ಮುಂದೆ ನುಗ್ಗಿ ಬಲಕ್ಕೆ ಹೊರಳುವುದೂ ಸಹಜವೇ. ಆದರೆ ಇದು ಒಂದೇ ವೇಗದಲ್ಲಿ ಹೋಗುವಾಗಲೂ ಬಿಡದ ಎಳೆತವಾಗಿತ್ತು, ನನ್ನ ಬಲಗೈ ಹ್ಯಾಂಡಲನ್ನು ಎಳೆದೆಳೆದು ನಡುಗುತ್ತಿತ್ತು. ಅಪ್ಪ ನೀರನ್ನೇ ನೋಡುತ್ತಿದ್ದರು. “ತಮ್ಮಾ, ಸ್ವಲ್ಪ ನಿಲ್ಲಿಸು” ಎಂದಷ್ಟೇ ಹೇಳಿದರು.

ನಿಲ್ಲಿಸಿ, ದಾರಕ್ಕೆ ನಟ್ಟೊಂದನ್ನು ಕಟ್ಟಿ ಹ್ಯಾಂಡಲ್ ಮುಂದೆ ಇಳಿಬಿಟ್ಟು ನೋಡಿದಾಗ ಕಾರಣ ಸ್ಪಷ್ಟವಾಯಿತು. ಅಂಗಳದಲ್ಲಿ ಖಾಲಿಯಿದ್ದ ಸೈಡ್‌ಕಾರಿನಲ್ಲಿ ಈಗ 62 ಕಿಲೋ ತೂಕದ ಅಪ್ಪನಿದ್ದರು, ಅವರ ಕಾಲಬುಡದಲ್ಲಿ ನೀರಿನ ಕ್ಯಾನೂ ಬುತ್ತಿಯೂ ಇದ್ದವು. ಆ ಭಾರಕ್ಕೆ ಅದರ ಸ್ಪ್ರಿಂಗ್ ಕುಗ್ಗಿ, ಬಲಕ್ಕೆ ವಾಲಿದ್ದ ಬೈಕು ನೆಟ್ಟಗಾಗುವುದನ್ನೂ ಮೀರಿ ಎಡಕ್ಕೆ ಒರಗಿತ್ತು. ಕೆಳಗಿಳಿಯಲು ಹೊರಟ ಅಪ್ಪನನ್ನು ಕೂತಲ್ಲೇ ಇರಲು ಹೇಳಿದೆ, ಏಕೆಂದರೆ ಆ ಅಳತೆ ಅವರ ತೂಕದೊಂದಿಗೇ ಆಗಬೇಕಿತ್ತು. ಮೇಲಿನ ಸರಳುಗಳ ಲಾಕ್‌ನಟ್ ಸಡಿಲಿಸಿ, ಒಂದೊಂದನ್ನೂ ಅರ್ಧರ್ಧ ಸುತ್ತಿನಂತೆ ಉದ್ದ ಮಾಡುತ್ತ ಹೋದೆ. ಬೈಕು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಆಚೆಗೆ ಸರಿಯಿತು. ಮೂರೂವರೆ ಸುತ್ತಿಗೆ ದಾರ ಮತ್ತೆ ಬಲಕ್ಕೆ ಒಂದು ಡಿಗ್ರಿ ತೋರಿಸಿತು. ಸೈಡ್‌ಕಾರ್ ಟೈರಿನ ಗಾಳಿಯನ್ನೂ 18 ಪಿಎಸ್‌ಐಗೆ ಇಳಿಸಿದೆ. ಮತ್ತೆ ಹೊರಟಾಗ ಹ್ಯಾಂಡಲ್ ಮೇಲೆ ಎರಡು ಬೆರಳಿಟ್ಟರೂ ಸಾಕಾಗುತ್ತಿತ್ತು. ಅಪ್ಪ ಟವೆಲನ್ನು ಕಿವಿಗೆ ಸುತ್ತಿಕೊಂಡು, ಗದ್ದೆಯಲ್ಲಿ ಸಾಲಾಗಿ ಬಾಗಿ ನಾಟಿ ಮಾಡುತ್ತಿದ್ದವರ ಕಡೆ ಕೈಬೀಸಿದರು.

ಸಿಂಧನೂರಿನವರೆಗೆ ಹೇಳುವಂಥದ್ದೇನೂ ಆಗಲಿಲ್ಲ. ಅದರಾಚೆ ಹೊಲಗಳ ನಡುವಿನ ಬಂಡಿದಾರಿ ಬೇರೆಯೇ ಲೆಕ್ಕ ಕೇಳಿತು. ನಮ್ಮ ಬೈಕಿಗೂ ಸೈಡ್‌ಕಾರ್ ಗಾಲಿಗೂ ನಡುವೆ 115 ಸೆಂ.ಮೀ. ಇತ್ತು, ಟ್ರ್ಯಾಕ್ಟರುಗಳು ಕೊರೆದ ಜಾಡುಗಳ ನಡುವಿನ ಅಂತರ ಅದಕ್ಕಿಂತ ಹೆಚ್ಚು. ಬೈಕನ್ನು ಬಲ ಜಾಡಿಗೆ ಇಳಿಸಿದರೆ ಸೈಡ್‌ಕಾರ್ ಗಾಲಿ ನಡುವಿನ ದಿಬ್ಬ ಏರುತ್ತಿತ್ತು, ಆ ಸ್ಥಿತಿಯಲ್ಲಿ ಎಡಕ್ಕೆ ತಿರುಗಿದರೆ ಅದು ನೆಲ ಬಿಡುವ ಭಯ. ಅದಕ್ಕಾಗಿ ಬೈಕನ್ನು ಗಟ್ಟಿಯಾದ ದಿಬ್ಬದ ಮೇಲೇ ಇಟ್ಟು, ಸೈಡ್‌ಕಾರ್ ಗಾಲಿಯನ್ನು ಎಡ ಜಾಡಿಗೆ ಬಿಟ್ಟು, ಎರಡನೇ ಗೇರಿನಲ್ಲಿ ನಿಧಾನವಾಗಿ ಸಾಗಿದೆ. ಎಡ ತಿರುವು ಬಂದಾಗಲೆಲ್ಲ ಅಪ್ಪ ತಾವಾಗಿಯೇ ಎಡಕ್ಕೆ ಭಾರ ಹಾಕುವುದನ್ನು ಕಲಿತುಬಿಟ್ಟಿದ್ದರು.

ಮಸ್ಕಿ ತಲುಪಿದಾಗ ಹನ್ನೊಂದೂವರೆ. ಕೋಲೂರಿಕೊಂಡು, ನನ್ನ ಹೆಗಲು ಹಿಡಿದು, ಅಪ್ಪ ಶಾಸನದ ಬಂಡೆಯವರೆಗೆ ಬಂದರು. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ 1915ರಲ್ಲಿ ಕಂಡ ಬರಹವದು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪಿಯ’ (ದೇವರಿಗೆ ಪ್ರಿಯ) ಎಂಬಂಥ ಬಿರುದುಗಳಿಂದಷ್ಟೇ ಗುರುತಾಗಿದ್ದ ಅರಸನು ಅಶೋಕನೇ ಎಂಬುದನ್ನು ಆತನ ಹೆಸರನ್ನೇ ಹೇಳಿ ಮೊದಲು ಖಚಿತಪಡಿಸಿದ ಕಲ್ಲು. “ದೇವಾನಾಂಪಿಯಸ ಅಸೋಕಸ” ಎಂದು ಅಪ್ಪ ತರಗತಿಯಲ್ಲಿ ಓದುತ್ತಿದ್ದ ದನಿಯಲ್ಲೇ ಓದಿದರು. ನೆರಳಲ್ಲಿ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಮರುದಿನ ಅದೇ ರೈಸ್ ಮಿಲ್ ಅಂಗಳದಲ್ಲಿ, ಈ ಸಲ ಅಪ್ಪನನ್ನು ಕೂರಿಸಿಕೊಂಡೇ, ಮತ್ತೆ ಅಳೆದೆ. ಗಾಲಿಗಳ 15 ಮಿ.ಮೀ. ವ್ಯತ್ಯಾಸ 11ಕ್ಕೆ ಇಳಿದಿತ್ತು. ಕೆಳಗಿನ ಮುಂದಿನ ಕ್ಲಾಂಪ್ ಕುಲುಕಾಟಕ್ಕೆ ಜಾರಿ, ಬಣ್ಣ ಕಿತ್ತು ಬೆಳ್ಳನೆಯ ಗೆರೆ ಮೂಡಿತ್ತು. ಅಲ್ಲಿ ಇನ್ನೊಂದು ಬೋಲ್ಟ್ ಹಾಕಿಸಬೇಕಿದೆ. ಅಶೋಕನ ಹೆಸರಿರುವ ಶಾಸನಗಳು ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಇವೆ, ಅವು ಸಿರುಗುಪ್ಪದ ಕಡೆ ಬರುತ್ತವೆ ಎಂದು ಸೈಡ್‌ಕಾರಿನಲ್ಲಿ ಕೂತೇ ಅಪ್ಪ ನೆನಪಿಸಿದರು.