ಅವನು ನಿಜವಾದ ಕೌಬಾಯ್ ಆಗಿದ್ದನಾ?

ನನ್ನ ಬರೆಯುವ ಮೇಜಿನ ಎದುರು ಗೋಡೆಯಲ್ಲಿ ಒಂದು ಕಪ್ಪು-ಬಿಳುಪು ಫೋಟೊ ಇದೆ. ಉದ್ದ ಮುಖ, ತೆಳ್ಳನೆ ತುಟಿ, ಅಗಲ ಟೋಪಿಯ ಕೆಳಗೆ ನಗೋದನ್ನೇ ಮರೆತ ಕಣ್ಣು. ಮನೆಗೆ ಬಂದವರು ಮೊದಲು ಕೇಳೋದು, "ಯಾರಿದು?" ಅಂತ. ವಿಲಿಯಂ ಎಸ್. ಹಾರ್ಟ್, ಅಮೆರಿಕದ ಮೂಕಿ ಕಾಲದ ಕೌಬಾಯ್ ನಟ ಅನ್ನುತ್ತೇನೆ. ಆಮೇಲಿನ ಪ್ರಶ್ನೆ ಯಾವಾಗಲೂ ಒಂದೇ. "ನಿಜವಾದ ಕೌಬಾಯಾ, ಇಲ್ಲ ಸುಮ್ನೆ ವೇಷಾನಾ?" ಕಾಫಿ ಆರುವ ಮುಂಚೆ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಈ ಸಲ ಬರೆದೇ ಬಿಡೋಣ ಅಂತ ಕೂತೆ.

ಚುಟುಕಾಗಿ ಹೇಳೋದಾದರೆ, ಅಲ್ಲ. ಕೌಬಾಯ್ ಅಂದರೆ ದನದ ಮಂದೆ ಹೊಡೆದುಕೊಂಡು ಹೋಗುವ ಕೂಲಿಯಾಳು. ಹಾರ್ಟ್ ಆ ಕೆಲಸದಲ್ಲಿ ಹೊಟ್ಟೆ ಹೊರೆದವನಲ್ಲ. ಅವನು ನಾಟಕದವನು. ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ರಂಗದ ಮೇಲೆ ಬಣ್ಣ ಹಚ್ಚಿದ್ದ, ಶೇಕ್ಸ್‌ಪಿಯರ್ ಮಾತು ಉರು ಹೊಡೆದಿದ್ದ. ಹೆಸರಿನ ನಡುವಿನ "ಎಸ್" ಶೇಕ್ಸ್‌ಪಿಯರ್ ಅಂತಲೇ ಎಷ್ಟೋ ಜನ ನಂಬಿದ್ದರು. ಅದು ಸರ್ರೆ.

ಆದರೆ ಬರೀ ವೇಷ ಅಂದರೂ ತಪ್ಪಾಗುತ್ತದೆ. ಹುಟ್ಟಿದ್ದು 1864ರ ಡಿಸೆಂಬರ್ 6ರಂದು, ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್‌ನಲ್ಲಿ. (ಹಳೆಯ ಬರಹಗಳಲ್ಲಿ 1870 ಅಂತಲೂ ಕಾಣುತ್ತದೆ. ನಟರ ವಯಸ್ಸು ಎಲ್ಲ ದೇಶದಲ್ಲೂ ನಿಧಾನವಾಗೇ ಏರುತ್ತದೆ, ಅಲ್ವಾ?) ಅಪ್ಪನದು ಹಿಟ್ಟಿನ ಗಿರಣಿ ಹೂಡುವ ಕೆಲಸ. ಗಿರಣಿಗೆ ನೀರು ಸಿಕ್ಕ ಕಡೆ ಸಂಸಾರವೂ ಹೋಗುತ್ತಿತ್ತು. ಹಾಗೆ ಅಲೆಯುತ್ತ ಡಕೋಟಾ ಸೀಮೆಗೆ ಬಂದರು. ಆಗ ಅದಿನ್ನೂ ರಾಜ್ಯವೇ ಆಗಿರಲಿಲ್ಲ. ಅಕ್ಕಪಕ್ಕದಲ್ಲಿ ಇದ್ದವರು ಅಮೆರಿಕದ ಮೂಲನಿವಾಸಿಗಳಾದ ಸೂ ಜನಾಂಗದವರು. ಹುಡುಗ ಅವರ ಮಕ್ಕಳ ಜೊತೆ ಆಡಿ ಅವರ ಮಾತನ್ನೂ ಕೈಸನ್ನೆಯನ್ನೂ ಅಷ್ಟಿಷ್ಟು ಕಲಿತ. ಹದಿಹರೆಯದಲ್ಲಿ ಮನೆಯವರು ಮತ್ತೆ ಪೂರ್ವಕ್ಕೆ, ನ್ಯೂಯಾರ್ಕ್‌ಗೆ ಬಂದರು. ಅಲ್ಲಿಗೆ ಅವನ ಪಶ್ಚಿಮದ ಬದುಕು ಮುಗಿಯಿತು. ಮುಂದೆ ಜೀವನಪೂರ್ತಿ ಅವನು ತೋಡಿಕೊಂಡದ್ದು ಬಾಲ್ಯದ ಆ ಕೆಲವೇ ವರ್ಷಗಳ ಬಾವಿಯಿಂದ.

ನಾಟಕದಲ್ಲಿ ಅವನಿಗೆ ದೊಡ್ಡ ಹೆಸರು ಬಂದದ್ದು 1899ರಲ್ಲಿ. ನ್ಯೂಯಾರ್ಕ್‌ನ ನಾಟಕಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ "ಬೆನ್ ಹರ್" ಆಡಿದಾಗ ಖಳ ಮೆಸ್ಸಾಲನ ಪಾತ್ರ ಇವನದು. ಆ ನಾಟಕದ ರಥದ ಓಟಕ್ಕೆ ನಿಜವಾದ ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರು. ಕಾಲ ಕೆಳಗೆ ಉರುಳುವ ಪಟ್ಟಿಗಳು, ಕುದುರೆಗಳು ಎಷ್ಟು ಓಡಿದರೂ ಇದ್ದಲ್ಲೇ! ಆಮೇಲೆ 1905ರಲ್ಲಿ ಒಂದು ನಾಟಕದಲ್ಲಿ ಪಶ್ಚಿಮದ ಪುಂಡನ ಪಾತ್ರ ಸಿಕ್ಕಿತು. ಟೋಪಿ, ಬೂಟು, ಪಿಸ್ತೂಲು ಮೊದಲ ಸಲ ಮೈಮೇಲೆ ಬಂದವು. ಜನ ಮೆಚ್ಚಿದರು. ಅದೇ ಬಗೆಯ ಪಾತ್ರಗಳು ಹುಡುಕಿಕೊಂಡು ಬಂದವು. ಆಗಲೇ ವಯಸ್ಸು ನಲವತ್ತು ದಾಟಿತ್ತು.

ಸಿನಿಮಾಕ್ಕೆ ಬಂದದ್ದು ಸಿಟ್ಟಿನಿಂದ. ನಾಟಕದ ತಿರುಗಾಟದಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದಾಗ ಒಂದು ಕೌಬಾಯ್ ಚಿತ್ರ ನೋಡಿದ. ಅದರಲ್ಲಿ ಊರಿನ ಶೆರಿಫ್, ಅಂದರೆ ಕಾನೂನು ಕಾಯುವ ಅಧಿಕಾರಿ, ಅನ್ನಿಸಿಕೊಂಡವನು ಮರ ಕಡಿಯುವವನೂ ಅಲ್ಲ, ಮೀನು ಹಿಡಿಯುವವನೂ ಅಲ್ಲ, ಎರಡೂ ಕಲಸಿದಂಥ ಬಟ್ಟೆ ತೊಟ್ಟಿದ್ದ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಹಾರ್ಟ್‌ಗೆ ಮೈಯೆಲ್ಲ ಉರಿಯಿತು. ಇಂಥದ್ದನ್ನೇ ಜನ ಮೆಚ್ಚೋದಾದರೆ ಸರಿಯಾದದ್ದನ್ನು ತೋರಿಸಿದರೆ ಏನಾಗಬಹುದು ಅಂತ ಲೆಕ್ಕ ಹಾಕಿದ.

1914ರಲ್ಲಿ ಕ್ಯಾಲಿಫೋರ್ನಿಯಾಗೆ ಬಂದ. ಅಲ್ಲಿ ಹಳೆಯ ಗೆಳೆಯ ಥಾಮಸ್ ಇನ್ಸ್ ಇದ್ದ. ಒಂದು ಕಾಲದಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರೂ ಒಂದೇ ರೂಮಿನಲ್ಲಿದ್ದ ಬಡ ನಟರು. ಈಗ ಇನ್ಸ್ ದೊಡ್ಡ ನಿರ್ಮಾಪಕ. ಸಾಂಟಾ ಮೋನಿಕಾ ಹತ್ತಿರದ ಕಣಿವೆಯಲ್ಲಿ ಅವನ ಚಿತ್ರೀಕರಣದ ಊರೇ ಇತ್ತು, ಇನ್ಸ್‌ವಿಲ್ ಅಂತ. ಸರ್ಕಸ್ ಥರ ಊರೂರು ಸುತ್ತುವ "101 ರ್‍ಯಾಂಚ್" ಪ್ರದರ್ಶನದ ಅಸಲಿ ಕೌಬಾಯ್‌ಗಳನ್ನು ಇನ್ಸ್ ಸಂಬಳಕ್ಕೆ ಇಟ್ಟಿದ್ದ. ಸೂ ಜನರೂ ಅಲ್ಲೇ ಗುಡಾರ ಹಾಕಿಕೊಂಡಿದ್ದರು. ಅವರ ಜೊತೆ ನಾಲ್ಕು ಮಾತು ಅವರದೇ ಭಾಷೆಯಲ್ಲಿ ಆಡಬಲ್ಲ ಬಿಳಿ ನಟ ಹಾರ್ಟ್ ಒಬ್ಬನೇ ಇದ್ದನೇನೋ.

ಕೌಬಾಯ್ ಚಿತ್ರಗಳ ಕಾಲ ಮುಗಿಯಿತು, ಮಾರುಕಟ್ಟೆಯಲ್ಲಿ ತುಂಬಿ ತುಳುಕುತ್ತಿವೆ ಅಂತ ಇನ್ಸ್ ಎಚ್ಚರಿಸಿದ. ಹಾರ್ಟ್ ಕೇಳಲಿಲ್ಲ. "ದಿ ಬಾರ್ಗೇನ್" ಮಾಡಿದರು, ಗ್ರ್ಯಾಂಡ್ ಕ್ಯಾನ್ಯನ್‌ಗೇ ಹೋಗಿ ಚಿತ್ರೀಕರಿಸಿದರು. ಚಿತ್ರ ಓಡಿತು. ನಟನೆಗೂ ನಿರ್ದೇಶನಕ್ಕೂ ಸೇರಿಸಿ ವಾರಕ್ಕೆ 125 ಡಾಲರ್ ಅಂತ ಗೆಳೆಯನೇ ಸಹಿ ಹಾಕಿಸಿಕೊಂಡ. ಚಿತ್ರಗಳು ತಂದ ಲಾಭದ ಮುಂದೆ ಅದು ಕಡಲೆಪುರಿ. ಗೊತ್ತಾದ ಮೇಲೆ ಹಾರ್ಟ್‌ಗೆ ಆದ ನೋವು ಕೊನೆಗೂ ಮಾಯಲಿಲ್ಲ.

ಇನ್ನು ಚಿತ್ರಗಳ ವಿಷಯ. 1914ರಿಂದ 1925ರವರೆಗೆ 60ಕ್ಕೂ ಹೆಚ್ಚು ಮಾಡಿದ. ಬಹಳಷ್ಟರಲ್ಲಿ ಕಥೆ ಒಂದೇ. ಊರಿಗೇ ಹೆದರಿಕೆ ಹುಟ್ಟಿಸಿದ ಪುಂಡ, ಒಬ್ಬ ಒಳ್ಳೆಯ ಹೆಣ್ಣಿನ ಕಣ್ಣು ನೋಡುತ್ತಾನೆ, ಬದಲಾಗುತ್ತಾನೆ. ಇದನ್ನು ಬಾಯಲ್ಲಿ ಹೇಳಿದರೆ ನಗು ಬರುತ್ತದೆ. ನೋಡುವಾಗ ನನಗಂತೂ ಬರೋದಿಲ್ಲ. 1916ರ "ಹೆಲ್ಸ್ ಹಿಂಜಸ್" ತೆಗೆದುಕೊಳ್ಳಿ. ಊರಿಗೆ ಹೊಸ ಪಾದ್ರಿ ಬರುತ್ತಾನೆ. ಅವನನ್ನು ಓಡಿಸಲು ಹಾರ್ಟ್‌ನ ಪಾತ್ರ ಬ್ಲೇಜ್ ಟ್ರೇಸಿ ಕಾದು ನಿಂತಿದ್ದಾನೆ. ಆದರೆ ಪಾದ್ರಿಯ ಜೊತೆ ತಂಗಿ ಇಳಿಯುತ್ತಾಳೆ. ಟ್ರೇಸಿ ನೋಡುತ್ತಾನೆ. ಅಷ್ಟೇ. ಹಾರ್ಟ್ ಕೈ ಆಡಿಸೋದಿಲ್ಲ, ಹುಬ್ಬು ಹಾರಿಸೋದಿಲ್ಲ. ಬಾಯಿಯ ಸುತ್ತ ಏನೋ ಒಂಚೂರು ಸಡಿಲವಾಗುತ್ತದೆ. ಆ ಕಾಲದ ಎಷ್ಟೋ ನಟರು ಮೂಕಿ ಅಂದರೆ ಕೈಕಾಲು ಬಡಿಯಬೇಕು ಅಂದುಕೊಂಡಿದ್ದಾಗ, ಕೊನೆಯ ಸಾಲಿಗೂ ಕೇಳುವಂತೆ ಗಂಟಲು ಪಳಗಿಸಿದ್ದ ನಾಟಕದವನು ಸುಮ್ನೆ ನಿಲ್ಲೋದನ್ನು ಕಲಿತಿದ್ದ. ಕೊನೆಗೆ ಸಿಟ್ಟಿನಲ್ಲಿ ಊರಿಗೆ ಊರನ್ನೇ ಸುಟ್ಟು ಹಾಕುತ್ತಾನೆ. ಹೊಗೆ, ಬೆಂಕಿ, ಓಡುವ ಜನ, ನಡುವೆ ಎರಡು ಪಿಸ್ತೂಲು ಹಿಡಿದ ಆ ಉದ್ದ ಮುಖ. ನನ್ನ ಮಟ್ಟಿಗೆ ಮೂಕಿ ಕಾಲದ ಕೌಬಾಯ್ ಚಿತ್ರಗಳಲ್ಲಿ ಇದನ್ನು ಮೀರಿದ ದೃಶ್ಯ ಇಲ್ಲ.

ಮುಜುಗರವಾಗುವ ಮಾತೂ ಇದೆ. ಅದೇ ಚಿತ್ರದಲ್ಲಿ ಖಳನನ್ನು ಪರಿಚಯಿಸುವ ಬರಹ ಮೆಕ್ಸಿಕೋದವರನ್ನು ಕುಯುಕ್ತಿಯ ಜನ ಅಂತ ಹೀಗಳೆಯುತ್ತದೆ. ಅದೇ ವರ್ಷದ "ದಿ ಆರ್ಯನ್" ಚಿತ್ರಕ್ಕೆ ಹೆಸರೇ ಸಾಕು, ಒಳಗೇನಿದೆ ಅಂತ ಊಹಿಸಬಹುದು. ಸೂ ಭಾಷೆ ಬಲ್ಲವನ ಚಿತ್ರಗಳಲ್ಲೂ ಬಿಳಿಯರ ಗರ್ವ ಹೀಗೆ ರಾಜಾರೋಷವಾಗಿ ಕೂತಿದೆ. ಯಾರಿಗಾದರೂ ತೋರಿಸುವಾಗ ಮೊದಲೇ ಹೇಳಿಬಿಡುತ್ತೇನೆ.

ಹಾಗಾದರೆ ನಿಜ ಯಾವುದು? ಹೊರಗಿನದು. ರಸ್ತೆಯ ಧೂಳು ನಿಜ. ಬಣ್ಣ ಕಾಣದ ಹಲಗೆ ಮನೆಗಳು, ಬೆವರಿ ಸುಕ್ಕಾದ ಅಂಗಿ, ತಡಿ ಬಿಗಿಯುವ ರೀತಿ, ಇವೆಲ್ಲ ನಿಜ. ಕಥೆ ಮಾತ್ರ ಅಪ್ಪಟ ಕಂಪನಿ ನಾಟಕ. ಎರಡನ್ನೂ ಒಂದೇ ಗಂಭೀರ ಮುಖದಲ್ಲಿ ಮಾಡುತ್ತಿದ್ದ. ಆ ಗಂಭೀರತೆಯೇ ಮುಂದೆ ಅವನಿಗೆ ತೊಡಕಾಯಿತು. ತೆರೆಯ ಮೇಲೆ ಅವನು ಅಳೋದು ಜಾಸ್ತಿ ಅಂತ 1922ರಲ್ಲಿ ಹಾಸ್ಯನಟ ಬಸ್ಟರ್ ಕೀಟನ್ "ದಿ ಫ್ರೋಜನ್ ನಾರ್ತ್" ಅನ್ನೋ ಪುಟ್ಟ ಚಿತ್ರದಲ್ಲಿ ಅಣಕಿಸಿದ. ಹಾರ್ಟ್ ತುಂಬಾ ನೊಂದುಕೊಂಡ.

ಅಷ್ಟರಲ್ಲಿ ಇನ್ನೊಬ್ಬ ಕೌಬಾಯ್ ನಟ ಟಾಮ್ ಮಿಕ್ಸ್ ಬಂದಿದ್ದ. ಝಗಝಗಿಸುವ ಬಟ್ಟೆ, ಬಿಳಿ ಟೋಪಿ, ಓಡುವ ರೈಲಿನ ಮೇಲೆ ಸಾಹಸ, ಕೊನೆಯಲ್ಲಿ ನಗು. ಮಕ್ಕಳಿಗೆ ಬೇಕಾದದ್ದು ಅದೇ. ತಮಾಷೆ ನೋಡಿ, ಮಿಕ್ಸ್ ಸಿನಿಮಾಕ್ಕೆ ಮೊದಲು ರ್‍ಯಾಂಚಿನಲ್ಲಿ ಕುದುರೆ, ದನ ಪಳಗಿಸಿದವನು. ಅಸಲಿ ಆಳು ಬಣ್ಣದ ವೇಷ ಹಾಕಿದ, ನಾಟಕದವನು ಧೂಳು ಬೇಕು ಅಂತ ಹಟ ಹಿಡಿದ! ಕಥೆ ಆರಿಸುವ ಹಕ್ಕನ್ನು ಬಿಟ್ಟುಕೊಡು ಅಂತ, ಅವನ ಚಿತ್ರಗಳನ್ನು ಬಿಡುಗಡೆ ಮಾಡುತ್ತಿದ್ದ ಅಡಾಲ್ಫ್ ಝೂಕರ್‌ನ ಕಂಪನಿ ಒತ್ತಾಯಿಸಿದಾಗ ಹಾರ್ಟ್ ಒಪ್ಪದೆ ಹೊರಬಂದ.

ಮದುವೆಯ ಕಥೆ ಚಿಕ್ಕದು. 1921ರ ಡಿಸೆಂಬರ್‌ನಲ್ಲಿ ನಟಿ ವಿನಿಫ್ರೆಡ್ ವೆಸ್ಟೋವರ್‌ಳನ್ನು ಮದುವೆಯಾದ, ಕೆಲವೇ ತಿಂಗಳಲ್ಲಿ ಬೇರೆಯಾದರು, ಒಬ್ಬ ಮಗ ಹುಟ್ಟಿದ. ಜೀವನದುದ್ದಕ್ಕೂ ಜೊತೆಗಿದ್ದವಳು ಅವನ ಒಡಹುಟ್ಟಿದವಳು ಮೇರಿ ಎಲೆನ್. ಇನ್ನೊಬ್ಬ ಜೊತೆಗಾರ ಫ್ರಿಟ್ಜ್, ಕಂದು-ಬಿಳಿ ಮಚ್ಚೆಯ ಪುಟ್ಟ ಕುದುರೆ. ಅಭಿಮಾನಿಗಳು ಅದಕ್ಕೂ ಕಾಗದ ಬರೆಯುತ್ತಿದ್ದರು.

ವಯಾಟ್ ಅರ್ಪ್ ವಿಷಯ ಹೇಳದಿದ್ದರೆ ಈ ಉತ್ತರ ಪೂರ್ತಿಯಾಗೋದಿಲ್ಲ. 1881ರಲ್ಲಿ ಅರಿಜೋನಾದ ಟೂಂಬ್‌ಸ್ಟೋನ್ ಊರಿನ ಗುಂಡಿನ ಕಾಳಗದಲ್ಲಿ ನಿಂತು ಬದುಕಿ ಬಂದ ಅಸಲಿ ಮನುಷ್ಯ. ಮುದಿ ವಯಸ್ಸಿನಲ್ಲಿ ಲಾಸ್ ಏಂಜಲೀಸ್‌ನಲ್ಲಿದ್ದ, ಹಾರ್ಟ್‌ಗೆ ಗೆಳೆಯನಾಗಿದ್ದ. ತನ್ನ ಬಗ್ಗೆ ಹಬ್ಬಿದ ಸುಳ್ಳುಗಳಿಂದ ಬೇಸತ್ತು, ತನ್ನ ಕಥೆಯನ್ನು ತೆರೆಗೆ ತರಬೇಕು ಅಂತ ಅವನು ಕಾಗದ ಬರೆದದ್ದು ಹಾರ್ಟ್‌ಗೆ. ಅಸಲಿ ಕಾಳಗ ಕಂಡವನು ತನ್ನ ಸತ್ಯ ಹೇಳಲು ಹುಡುಕಿದ್ದು ಒಬ್ಬ ನಾಟಕದವನನ್ನು! ಆ ಚಿತ್ರ ಆಗಲಿಲ್ಲ. 1929ರ ಜನವರಿಯಲ್ಲಿ ಅರ್ಪ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಡುವವರಾಗಿ ನಿಂತವರಲ್ಲಿ ಹಾರ್ಟ್ ಇದ್ದ. ಟಾಮ್ ಮಿಕ್ಸ್ ಕೂಡ ಇದ್ದ.

ಕೊನೆಯ ಚಿತ್ರ 1925ರ "ಟಂಬಲ್‌ವೀಡ್ಸ್". ಟಂಬಲ್‌ವೀಡ್ ಅಂದರೆ ಒಣಗಿ ಬೇರು ಬಿಟ್ಟು ಗಾಳಿಗೆ ಉರುಳುವ ಗಿಡ. ನೆಲೆಯಿಲ್ಲದ ಕೌಬಾಯ್‌ಗಳಿಗೂ ಅದೇ ಹೆಸರು. 1893ರಲ್ಲಿ ಈಗಿನ ಓಕ್ಲಹೋಮದ ಚೆರೋಕೀ ಪಟ್ಟಿಯ ನೆಲವನ್ನು ಸರ್ಕಾರ ರೈತರಿಗೆ ಬಿಟ್ಟುಕೊಟ್ಟ ದಿನದ ಕಥೆ. ಯಾರು ಮೊದಲು ಓಡಿ ಗೂಟ ನೆಡುತ್ತಾರೋ ಅವರದೇ ಜಮೀನು. ಸಾವಿರಾರು ಜನ ಗಾಡಿ, ಕುದುರೆ, ಸೈಕಲ್ ಹತ್ತಿ ಗುಂಡಿನ ಸದ್ದಿಗೆ ಕಾಯುತ್ತಾರೆ. ಚಿತ್ರಕ್ಕೆ 3 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾಯಿತು, ಅದರಲ್ಲಿ ಅವನ ಸ್ವಂತ ಹಣವೂ ಸೇರಿತ್ತು. ವಯಸ್ಸು ಅರವತ್ತು, ಆದರೂ ಗುಡ್ಡದ ನೆತ್ತಿಯ ಮೇಲೆ ಕುದುರೆ ಹಾರಿಸಿಕೊಂಡು ಹೋಗುವಾಗ ನೆಲ ಮುಟ್ಟಿದ್ದೇ ಕಾಣೋದಿಲ್ಲ. ಆದರೆ ನನಗೆ ಹೆಚ್ಚು ಇಷ್ಟ ಅದಕ್ಕೂ ಮುಂಚಿನ ಒಂದು ದೃಶ್ಯ. ರೈತರಿಗೆ ಜಾಗ ಬಿಡಲು ದನದ ಕೊನೆಯ ಮಂದೆ ಸಾಗುತ್ತಿದೆ. ಕೌಬಾಯ್‌ಗಳು ನೋಡುತ್ತ ನಿಂತು ಟೋಪಿ ತೆಗೆಯುತ್ತಾರೆ, ಸಾವಿನ ಮನೆಯ ಮುಂದೆ ನಿಂತಂತೆ.

ಹಂಚಿಕೆ ಮಾಡಿದ್ದು ಯುನೈಟೆಡ್ ಆರ್ಟಿಸ್ಟ್ಸ್. 1919ರಲ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಫೇರ್‌ಬ್ಯಾಂಕ್ಸ್, ಗ್ರಿಫಿತ್ ಜೊತೆ ಆ ಕಂಪನಿಯ ಮೊದಲ ಮಾತುಕತೆಯಲ್ಲಿ ಹಾರ್ಟ್ ಕೂಡ ಕೂತಿದ್ದ, ಆಮೇಲೆ ಹಿಂದೆ ಸರಿದಿದ್ದ. ಈಗ ಅದೇ ಕಂಪನಿ ತನ್ನ ಚಿತ್ರವನ್ನು ಸರಿಯಾಗಿ ಬಿಡುಗಡೆ ಮಾಡಲಿಲ್ಲ ಅಂತ ಕೇಸು ಹಾಕಿದ. ಗೆಲ್ಲೋದಕ್ಕೆ ವರ್ಷಗಟ್ಟಲೆ ಹಿಡಿಯಿತು. ಮತ್ತೆ ನಾಯಕನಾಗಿ ತೆರೆಗೆ ಬರಲೇ ಇಲ್ಲ. ಲಾಸ್ ಏಂಜಲೀಸ್‌ನ ಉತ್ತರಕ್ಕೆ ನ್ಯೂಹಾಲ್‌ನ ಗುಡ್ಡದ ಮೇಲೆ ಮನೆ ಕಟ್ಟಿಸಿದ, ಪುಸ್ತಕ ಬರೆದ. 1946ರ ಜೂನ್ 23ರಂದು ತೀರಿಕೊಂಡ. ಜನ ನನ್ನ ಚಿತ್ರಕ್ಕೆ ಚಿಲ್ಲರೆ ಕಾಸು ಕೊಟ್ಟರು, ನನ್ನ ಮನೆ ಅವರಿಗೇ ಇರಲಿ ಅನ್ನುತ್ತಿದ್ದವನು, ಮನೆಯನ್ನೂ ಸುತ್ತಲಿನ ಜಮೀನನ್ನೂ ಲಾಸ್ ಏಂಜಲೀಸ್ ಕೌಂಟಿಗೆ ಬರೆದಿಟ್ಟಿದ್ದ. ಮಗ ಕೋರ್ಟಿಗೆ ಹೋದರೂ ಸಿಗಲಿಲ್ಲ. ಈಗ ಅದು ಪಾರ್ಕು, ಮ್ಯೂಸಿಯಂ.

ಇಷ್ಟೆಲ್ಲ ಹೇಳಿದ ಮೇಲೂ "ಸರಿ, ಒಂದು ತುಣುಕು ತೋರಿಸಿ" ಅನ್ನುವವರಿಗೆ ನಾನು ಹಾಕೋದು ಮೂಕಿ ಅಲ್ಲ. 1939ರಲ್ಲಿ "ಟಂಬಲ್‌ವೀಡ್ಸ್" ಮತ್ತೆ ಬಿಡುಗಡೆಯಾದಾಗ ಮುಂದೆ ಸೇರಿಸಿದ ಎಂಟು ನಿಮಿಷ. ಎಪ್ಪತ್ನಾಲ್ಕರ ಮುದುಕ ತನ್ನ ಜಮೀನಿನಲ್ಲಿ ಹಳೆಯ ವೇಷದಲ್ಲೇ ನಿಂತು ಮಾತಾಡುತ್ತಾನೆ. ಮೂಕಿ ನೋಡಿ ಬೆಳೆದ ಅಭಿಮಾನಿಗಳಿಗೆ ತೆರೆಯಿಂದ ಅವನ ದನಿ ಕೇಳಿಸಿದ್ದು ಆಗಲೇ. ಅದು ದನಗಾಹಿಯ ದನಿಯಲ್ಲ. ತುಂಬಿದ, ಒಂದೊಂದು ಅಕ್ಷರಕ್ಕೂ ಭಾರ ಹಾಕುವ ಹಳೆಯ ನಾಟಕದ ದನಿ, ಮೆಸ್ಸಾಲನದು. ಚಿತ್ರ ಮಾಡುವ ಸುಖ ನೆನೆಯುತ್ತಾನೆ. ಮುಖಕ್ಕೆ ಹೊಡೆಯುವ ಗಾಳಿ, ಹಿಂದೆ ಅಟ್ಟಿಕೊಂಡು ಬರುವ ಗೊರಸಿನ ಸದ್ದು, ಧೂಳಿನ ಮೋಡ. ಆ ಧೂಳಿನೊಳಗಿಂದ ನಿರ್ದೇಶಕನ ದನಿ ಕೇಳಿಸುತ್ತದಂತೆ: ಚೆನ್ನಾಗಿ ಬಂತು ಬಿಲ್, ಫ್ರಿಟ್ಜ್ ಮೂಗಿನ ಮೇಲೆ ನನ್ನ ಪರವಾಗಿ ಒಂದು ಸಲ ಕೈ ಆಡಿಸು. ಅಲ್ಲಿಗೆ ಬರುವಷ್ಟರಲ್ಲಿ ಅವನ ಗಂಟಲು ಕಟ್ಟುತ್ತದೆ. ಫ್ರಿಟ್ಜ್ ಸತ್ತು ಒಂದು ವರ್ಷವಾಗಿತ್ತು. ಅದೇ ಜಮೀನಿನಲ್ಲಿ ಮಣ್ಣು ಮಾಡಿದ್ದರು.