ಹದಿನಾರು ಬಾರ್ ಸುಮ್ನಿರಿ

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಕನ್ನಡ ಸಿನಿಮಾ ಒಂದರ ರೀರೆಕಾರ್ಡಿಂಗ್‌ಗೆ, ಅಂದರೆ ಹಿನ್ನೆಲೆ ಸಂಗೀತ ನುಡಿಸಲು, ಚೆನ್ನೈಗೆ ಬನ್ನಿ ಅಂತ ಫೋನ್ ಬಂತು. ವಯಲಿನ್‌ನವರಲ್ಲಿ ಯಾರೋ ಒಬ್ಬರು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರು. ಆಗ ನಾನು ಬೆಂಗಳೂರಿನಲ್ಲಿ ಕಛೇರಿಗಳಿಗೆ ಪಕ್ಕವಾದ್ಯ ನುಡಿಸಿಕೊಂಡಿದ್ದೆ. ರಾಮನವಮಿ ಪೆಂಡಾಲು, ಗಣೇಶನ ಹಬ್ಬ, ಮದುವೆ ರಿಸೆಪ್ಷನ್, ಕರೆದ ಕಡೆಗೆಲ್ಲ ಹೋಗುತ್ತಿದ್ದೆ. ಗೊತ್ತಿಲ್ಲದ ಗಾಯಕರು ಗೊತ್ತಿಲ್ಲದ ಕೃತಿ ಎತ್ತಿಕೊಂಡರೂ ಅರ್ಧ ಸೆಕೆಂಡು ಹಿಂದೆ ನೆರಳಿನ ಹಾಗೆ ಹೋಗಿಬಿಡುತ್ತಿದ್ದೆ. ಆ ಜಂಬ ಸ್ವಲ್ಪ ಇತ್ತು.

"ಸ್ಟಾಫ್ ನೊಟೇಶನ್ ಓದಕ್ಕೆ ಬರುತ್ತಾ?" ಅಂತ ಕೋಆರ್ಡಿನೇಟರ್ ಕೇಳಿದರು.

"ಬರುತ್ತೆ ಸಾರ್" ಅಂದೆ. ಅದು ಪಾಶ್ಚಾತ್ಯ ಸಂಗೀತ ಬರೆಯುವ ರೀತಿ, ಅದರಲ್ಲಿ ಐದು ಗೆರೆ ಇರುತ್ತವೆ ಅನ್ನುವುದು ಗೊತ್ತಿತ್ತು. ಉಳಿದದ್ದು ಹೇಗೋ ಆಗುತ್ತೆ ಅಂದುಕೊಂಡು ರಾತ್ರಿ ರೈಲು ಹತ್ತಿದೆ.

ಸ್ಟುಡಿಯೋದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ. ಎಲ್ಲರೂ ಕುರ್ಚಿಯಲ್ಲಿ, ಕಿವಿಗೆ ಹೆಡ್‌ಫೋನ್, ಅದರಲ್ಲಿ ಲಯ ತಪ್ಪದಿರಲು ಟಿಕ್ ಟಿಕ್ ಅಂತ ಕ್ಲಿಕ್. ಇಬ್ಬರಿಗೆ ಒಂದು ಸ್ಟ್ಯಾಂಡ್, ಅದರ ಮೇಲೆ ಕೈಯಲ್ಲಿ ಬರೆದ ಹಾಳೆ. ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿದ್ದವರು ಚರ್ಚ್ ಕಾಯರ್‌ನಲ್ಲಿ ಬೆಳೆದವರು, ಹಾಳೆಯನ್ನು ಪೇಪರ್ ಓದುವ ಹಾಗೆ ಓದುತ್ತಿದ್ದರು. ನಾನು ಪಿಟೀಲಿನ ಶ್ರುತಿ ಬದಲಾಯಿಸಿಕೊಂಡೆ. ನಮ್ಮಲ್ಲಿ ನಾಲ್ಕು ತಂತಿ ಸ, ಪ, ಸ, ಪ. ಅವರಲ್ಲಿ ಜಿ, ಡಿ, ಎ, ಇ. ಕೈ ಬೆರಳಿಗೆ ಅದೇ ಒಂದು ಪರದೇಶ.

ಆದರೂ ಮೊದಲ ಎರಡು ಬಿಟ್, ಅಂದರೆ ಒಂದೊಂದು ಸೀನ್‌ಗೆ ನುಡಿಸುವ ತುಣುಕು, ಸಲೀಸಾಗಿ ಹೋದವು. ಹೇಗೆ ಅಂದರೆ, ಮಾಸ್ಟರ್ (ಸಂಗೀತ ನಿರ್ದೇಶಕರು) ಟೇಕ್‌ಗೆ ಮುಂಚೆ ಒಂದೆರಡು ಸಲ ರಿಹರ್ಸಲ್ ಮಾಡಿಸುತ್ತಿದ್ದರು. ಮೊದಲ ಸಲ ಬಿಲ್ಲನ್ನು ತಂತಿಗೆ ತಾಗಿಸದೆ ಸುಮ್ನೆ ಆಡಿಸುತ್ತಾ ಪಕ್ಕದವರು ನುಡಿಸಿದ್ದನ್ನು ಕೇಳಿಸಿಕೊಳ್ಳುತ್ತಿದ್ದೆ. ಎರಡನೇ ಸಲಕ್ಕೆ ಬಾಯಿಪಾಠ. ಕಣ್ಣು ಹಾಳೆಯ ಮೇಲೆ, ಕಿವಿ ಪಕ್ಕಕ್ಕೆ. ಹೊರಗಿನಿಂದ ನೋಡಿದವರಿಗೆ ನಾನೂ ಓದುತ್ತಿದ್ದೇನೆ ಅನ್ನಿಸಬೇಕು. ಅನ್ನಿಸಿತು ಕೂಡ.

ಮೂರನೇ ಬಿಟ್‌ನಲ್ಲಿ ತಂದೆ ಸಾಯುವ ಸೀನ್. ವಯಲಿನ್‌ಗಳು ಒಂದು ಸಾಲು ನುಡಿಸಿ ನಿಲ್ಲಬೇಕು. ಆಮೇಲೆ ಕೊಳಲು ಮತ್ತು ಚೆಲ್ಲೋ ಮಾತ್ರ. ಆಮೇಲೆ ಮತ್ತೆ ನಾವು. ರಿಹರ್ಸಲ್‌ನಲ್ಲಿ ಮಾಸ್ಟರ್ ಟೈಮ್ ಉಳಿಸಲು, "ಆ ಮಧ್ಯದ್ದು ಬಿಡಿ, ನೇರ ಎರಡನೇ ಎಂಟ್ರಿ ನೋಡೋಣ" ಅಂದರು. ಎಲ್ಲರೂ ಮೊದಲ ಸಾಲು ನುಡಿಸಿದರು, ಹಿಂದೆಯೇ ಎರಡನೆಯದನ್ನೂ ನುಡಿಸಿದರು. ನನ್ನ ಕಿವಿ ಅದನ್ನೇ ಬರೆದುಕೊಂಡಿತು.

ಹಾಳೆಯಲ್ಲಿ ಆ ಎರಡು ಸಾಲಿನ ನಡುವೆ ಒಂದು ದಪ್ಪ ಅಡ್ಡಗೆರೆ ಇತ್ತು, ಒನಕೆ ಮಲಗಿಸಿದ ಹಾಗೆ. ಅದರ ಮೇಲೆ 16 ಅಂತ ಬರೆದಿತ್ತು. ಬಿಟ್ ನಂಬರ್ ಇರಬೇಕು ಅಂದುಕೊಂಡೆ.

ಟೇಕ್. ಮೊದಲ ಸಾಲು ಮುಗಿಯಿತು. ಇಡೀ ಹಾಲ್ ನಿಶ್ಶಬ್ದ. ಕೊಳಲಿನವರು ಉಸಿರು ತೆಗೆದುಕೊಂಡು ಮೆಲ್ಲಗೆ ಶುರು ಮಾಡಿದರು. ಅದರ ಮೇಲೆ ಒಂಟಿ ಪಿಟೀಲು, ಗಟ್ಟಿಯಾಗಿ, ಆತ್ಮವಿಶ್ವಾಸದಿಂದ, ಎರಡನೇ ಸಾಲು ಎತ್ತಿಕೊಂಡಿತು. ನನ್ನದೇ.

"ಯಾರ್ರೀ ಅದು?"

ಎಲ್ಲರೂ ಒಂದೇ ಹಾಲ್‌ನಲ್ಲಿ ಕೂತು ಒಟ್ಟಿಗೆ ನುಡಿಸುವ ರೆಕಾರ್ಡಿಂಗ್. ನನ್ನ ಸದ್ದು ಎಲ್ಲ ಮೈಕ್‌ಗೂ ಹೋಗಿತ್ತು, ಕತ್ತರಿಸಿ ತೆಗೆಯುವ ಹಾಗಿರಲಿಲ್ಲ. ಎರಡನೇ ಟೇಕ್‌ನಲ್ಲಿ ಪಕ್ಕದವರ ಬಿಲ್ಲನ್ನೇ ನೋಡುತ್ತಾ ಕಾದೆ. ಅವರು ಎತ್ತಿದ ಮೇಲೆ ನಾನೂ ಎತ್ತಿದೆ, ಒಳ್ಳೆಯ ಪಕ್ಕವಾದ್ಯದವನ ಹಾಗೆ ಅರ್ಧ ಸೆಕೆಂಡು ತಡವಾಗಿ. ಅದೂ ಹೋಯಿತು. ಮೂರನೇ ಟೇಕ್‌ನಲ್ಲಿ ಅವರು ಎಂಟ್ರಿಗೆ ಒಂದು ಬಾರ್, ಅಂದರೆ ನಾಲ್ಕು ಪೆಟ್ಟು, ಮುಂಚೆ ನನ್ನ ಕಾಲನ್ನು ಮೆತ್ತಗೆ ತುಳಿದರು. ಆಗ ಸರಿಹೋಯಿತು.

ಟೀ ಬ್ರೇಕ್‌ನಲ್ಲಿ ಅವರೇ ಬಂದರು. "ಬ್ರದರ್, ನಿಮಗೆ ಓದಕ್ಕೆ ಬರಲ್ಲ ಅಲ್ವಾ?" ಬೈಗುಳ ಇರಲಿಲ್ಲ. ಅದಕ್ಕೇ ಜಾಸ್ತಿ ನಾಚಿಕೆಯಾಯಿತು. "ನೋಟ್ಸ್ ಯಾರು ಬೇಕಾದ್ರೂ ಕೇಳಿ ಹಿಡೀಬಹುದು. ರೆಸ್ಟ್ ಹೇಗೆ ಕೇಳಿಸ್ಕೋತೀರಿ?"

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕರ್ನಾಟಕ ಸಂಗೀತದ ಪಕ್ಕವಾದ್ಯದಲ್ಲಿ ನಾವು ಬಾಯಿ ಮುಚ್ಚುವುದೇ ಇಲ್ಲ. ಗಾಯಕರು ಹಾಡಿದರೆ ಹಿಂದೆ ಹೋಗುತ್ತೇವೆ, ಅವರು ನಿಲ್ಲಿಸಿ ನೀರು ಕುಡಿದರೆ ಆ ಜಾಗ ತುಂಬಿಸುತ್ತೇವೆ. ಖಾಲಿ ಬಿಟ್ಟರೆ ತಪ್ಪು. ಬರೆದಿಟ್ಟು ಗುಂಪಿನಲ್ಲಿ ನುಡಿಸುವ ಸಂಗೀತದಲ್ಲಿ ಅರ್ಧ ಕೆಲಸವೇ ಸುಮ್ಮನಿರುವುದು. ಅದೇ ರೆಸ್ಟ್. ಎಲ್ಲಿ, ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದು ಯಾರ ವಾದ್ಯದಿಂದಲೂ ಕೇಳಿಬರುವುದಿಲ್ಲ. ಅದು ಹಾಳೆಯಲ್ಲಿ ಮಾತ್ರ ಇರುತ್ತದೆ. ಒನಕೆಯ ಮೇಲಿನ ಆ 16 ಅದೇ, ಹದಿನಾರು ಬಾರ್ ಸುಮ್ಮನಿರಿ ಅಂತ.

ಆಮೇಲೆ ಆರು ತಿಂಗಳು ಆ ಕೋಆರ್ಡಿನೇಟರ್ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅವರ ತಪ್ಪೇನಿಲ್ಲ.

ಕಲಿಯಲು ಹೋಗಿದ್ದು ಮೈಸೂರಿಗೆ. ಪೊಲೀಸ್ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದ ಒಬ್ಬ ಹಿರಿಯರು ಭಾನುವಾರ ಪಾಠ ಹೇಳುತ್ತಿದ್ದರು. ಮೈಸೂರು ಅರಮನೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಆ ಪರಂಪರೆ ಮುಂದೆ ಪೊಲೀಸ್ ಇಲಾಖೆಗೆ ಬಂತು. ಹಾಗಾಗಿ ಮೈಸೂರಿನಲ್ಲಿ ಸ್ಟಾಫ್ ನೊಟೇಶನ್ ಓದುವುದು ಯಾವುದೋ ಕಾನ್ವೆಂಟ್ ಶೋಕಿಯಲ್ಲ, ಸಂಬಳದ ನೌಕರಿ. ದಸರಾ ಮೆರವಣಿಗೆಯಲ್ಲಿ ಬಿಸಿಲಲ್ಲಿ ನಡೆದುಕೊಂಡೇ ಓದಿ ನುಡಿಸುವವರು ಅವರು. ನಮ್ಮ ಮೇಷ್ಟ್ರಿಗೆ ಜಯಚಾಮರಾಜೇಂದ್ರ ಒಡೆಯರ್ ಅಂದರೆ ಬಲು ಹೆಮ್ಮೆ. "ಗೊತ್ತಾ ಸ್ವಾಮಿ, 1950ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೇ ನಾಲ್ಕು ಹಾಡು ಮೊದಲ ಸಲ ಹಾಡಿದಾಗ, ಖರ್ಚಿಗೆ ನಿಂತಿದ್ದು ನಮ್ಮ ಮಹಾರಾಜರು" ಅಂತ ಪ್ರತಿ ಭಾನುವಾರ ಹೇಳುತ್ತಿದ್ದರು. ಪ್ರತಿ ಭಾನುವಾರ ನಾನೂ "ಹೌದಾ ಸಾರ್" ಅನ್ನುತ್ತಿದ್ದೆ. ಮಾತು ನಿಜವೇ. ಆ ಕಛೇರಿ ನಡೆದಿದ್ದು ಮೇ 22ರಂದು. ಸ್ಟ್ರಾಸ್ ಅದನ್ನು ಕೇಳಲು ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದ.

ಮೊದಲ ದಿನ ಅವರು ಐದು ಗೆರೆ ಎಳೆದು ಎಂಟು ಬಾರ್ ಬರೆದರು. ಪ್ರತಿ ಗೆರೆ, ಪ್ರತಿ ಸಂದಿನ ಹೆಸರು ಹೇಳಿ, ನುಡಿಸು ಅಂದರು. ಎಳೆ ಮಗು ಅಕ್ಷರ ಕೂಡಿಸುವ ಹಾಗೆ ಕೂಡಿಸಿದೆ. ನಾಲ್ಕನೇ ಬಾರ್‌ಗೆ ಬರುವಷ್ಟರಲ್ಲಿ ನಗು ಬಂತು. ಅದು 'ಶಕ್ತಿಸಹಿತ ಗಣಪತಿಂ'. ಚಿಕ್ಕಂದಿನಲ್ಲಿ ಸರಳೆ, ಜಂಟಿ ಜೊತೆ ಹೇಳಿಕೊಟ್ಟಿದ್ದರಲ್ಲ, ಅದೇ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ.

"ನೊಟ್ಟು ಅಂದ್ರೆ ಏನು ಅಂದ್ಕೊಂಡ್ರಿ? ನೋಟು ಸ್ವಾಮಿ, ನೋಟು!" ಅಂದರು.

ಮೂವತ್ತು ವರ್ಷ ಆ ಪದ ಬಾಯಲ್ಲಿತ್ತು, ಒಂದು ಸಲವೂ ಹೊಳೆದಿರಲಿಲ್ಲ. ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದರು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯುರೋಪಿನವರೊಬ್ಬರಿಂದ ವಯಲಿನ್ ಕಲಿತು ನಮ್ಮ ಸಂಗೀತಕ್ಕೆ ತಂದರು. ನನ್ನ ಹೊಟ್ಟೆಪಾಡಿನ ವಾದ್ಯ ಬಂದಿದ್ದೇ ಆ ದಾರಿಯಲ್ಲಿ. ವಾದ್ಯ ಇಟ್ಟುಕೊಂಡೆವು, ಹಾಳೆ ಬಿಟ್ಟೆವು.

ರೆಸ್ಟ್ ಎಣಿಸುವುದನ್ನು ಅವರು ಹೇಳಿಕೊಟ್ಟಿದ್ದು ಹೀಗೆ. ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು. ಪ್ರತಿ ಬಾರ್‌ನ ಮೊದಲ ಪೆಟ್ಟಿಗೆ ಬಾರ್‌ನ ನಂಬರ್. ಎರಡು ವಾರ ಒದ್ದಾಡಿದೆ. ಒಂದು ದಿನ ತೊಡೆಯ ಮೇಲೆ ಕೈ ತಾನಾಗಿ ತಾಳ ಹಾಕತೊಡಗಿತು. ನಾಲ್ಕು ಪೆಟ್ಟಿನ ಎರಡು ಬಾರ್ ಅಂದರೆ ಎಂಟು ಪೆಟ್ಟಿನ ಆದಿತಾಳದ ಒಂದು ಆವರ್ತ, ಒಂದು ಸುತ್ತು. ಹದಿನಾರು ಬಾರ್ ಅಂದರೆ ಎಂಟು ಆವರ್ತ. ಮೃದಂಗವೇ ಮುಂದಾಗುವ ತನಿ ಆವರ್ತನದಲ್ಲಿ ಮೃದಂಗದವರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ತಾಳ ಹಾಕಿಕೊಂಡು ಕೂತವನು ನಾನು! ಒನಕೆ ಅಂದುಕೊಂಡಿದ್ದು ಬರೀ ಎಂಟು ಆವರ್ತ.

ಸ್ವರ ಓದುವುದು ಅಷ್ಟು ಸುಲಭ ಆಗಲಿಲ್ಲ. ನಮ್ಮ ಷಡ್ಜ, ಅಂದರೆ ಸ, ಎಲ್ಲಿ ಬೇಕಾದರೂ ಕೂರುತ್ತದೆ, ಗಾಯಕರ ಶ್ರುತಿ ಎಲ್ಲೋ ಅಲ್ಲಿ. ಹಾಳೆಯಲ್ಲಿ ಪ್ರತಿ ಚುಕ್ಕೆಗೂ ಕಾಯಂ ವಿಳಾಸ. ನಾನು ಪ್ರತಿಯೊಂದನ್ನೂ ಸರಿಗಮಕ್ಕೆ ತಿರುಗಿಸಿ ನುಡಿಸುತ್ತಿದ್ದೆ. ಮಧ್ಯದಲ್ಲಿ ಕೀ ಬದಲಾದರೆ ಷಡ್ಜವೇ ಕಾಲಡಿಯಿಂದ ಜಾರುತ್ತಿತ್ತು. ತಿರುಗಿಸುವುದು ಬಿಡಬೇಕು, ಕಣ್ಣಿನಿಂದ ನೇರ ಬೆರಳಿಗೆ ಹೋಗಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಒಂದೂವರೆ ವರ್ಷ ಹಿಡಿಯಿತು. ಒಂದೇ ಹಾಳೆಯನ್ನು ಎರಡು ಸಲ ಓದಬೇಡಿ ಅಂತ ಮೇಷ್ಟ್ರು ಹೇಳಿದ್ದರು. ಎರಡನೇ ಸಲಕ್ಕೆ ನನ್ನ ಕಳ್ಳ ಕಿವಿ ಬಾಯಿಪಾಠ ಮಾಡಿಬಿಡುತ್ತೆ ಅನ್ನುವುದು ಅವರಿಗೆ ಗೊತ್ತಾಗಿತ್ತು.

ಇದನ್ನೆಲ್ಲ ಹೇಳಿದರೆ ಕೆಲವು ಗೆಳೆಯರಿಗೆ ಸಿಟ್ಟು. "ಗದಗದ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಯಾವ ಹಾಳೆ ನೋಡಿ ಹಾಡಿದರು?" ಅನ್ನುತ್ತಾರೆ. ಇಬ್ಬರಿಗೂ ಕಣ್ಣಿರಲಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು. ಜಾಜ್ ಪಿಯಾನೋದ ಎರೋಲ್ ಗಾರ್ನರ್‌ಗೂ ಓದಲು ಬರುತ್ತಿರಲಿಲ್ಲ. ಒಪ್ಪುತ್ತೇನೆ. ಸಂಗೀತಕ್ಕೆ ಹಾಳೆ ಬೇಡ. ಸ್ಟುಡಿಯೋ ಬಾಡಿಗೆಗೆ ಬೇಕು. ಇಳಯರಾಜ ಅವರು ಇಡೀ ವಾದ್ಯವೃಂದದ ಸಂಗೀತವನ್ನು ಸ್ಟಾಫ್ ನೊಟೇಶನ್‌ನಲ್ಲಿ ಬರೆದು ಕೊಡುತ್ತಾರೆ. ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರು ಅವರು. ಹಾಗೆ ಬರೆದದ್ದನ್ನು ಇಪ್ಪತ್ತು, ಮೂವತ್ತು ಜನ ಕೂತ ಕೂಡಲೇ ನುಡಿಸಬೇಕು. ಅಲ್ಲಿ ಒಬ್ಬೊಬ್ಬರಿಗೂ ಹಾಡಿ ಹೇಳಿಕೊಡಲು ಹೊತ್ತೆಲ್ಲಿ?

ಹಾಳೆಯ ಬಗ್ಗೆ ಭಕ್ತಿಯೂ ಬೇಡ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ತೋಡಿ ರಾಗದ ಬಿಟ್ ಇತ್ತು. ಸೋಲೋಗೆ ಒಬ್ಬ ಹಿರಿಯ ವೀಣಾ ವಿದುಷಿ, ಹಿಂದೆ ನಾವು ವಯಲಿನ್‌ಗಳು. ಅರೇಂಜರ್ ಕೀಬೋರ್ಡಿನ ಹುಡುಗ, ಚುರುಕು. ಆ ವಿದುಷಿ ಅಮ್ಮನಿಗೆ ಸ್ಟಾಫ್ ಓದಲು ಬರುವುದಿಲ್ಲ ಅಂತ ನಾನು ಚುಕ್ಕೆಗಳ ಕೆಳಗೆ ಕನ್ನಡದಲ್ಲಿ ಸ ರಿ ಗ ಮ ಬರೆದು ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿ, "ಇದು ತೋಡಿ ಅಲ್ಲಪ್ಪಾ, ತೋಡಿಯ ಮೂಳೆ" ಅಂದರು.

ನಿಜ. ತೋಡಿಯ ಗಾಂಧಾರ, ಅಂದರೆ ಗ, ಒಂದು ಕಡೆ ನಿಲ್ಲುವುದಿಲ್ಲ, ತೂಗುತ್ತಲೇ ಇರುತ್ತದೆ. ಹಾಳೆಯಲ್ಲಿ ಅದೊಂದು ಮೊಳೆ ಹೊಡೆದ ಚುಕ್ಕೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಅಚ್ಚು ಹಾಕಿಸಿದಾಗ ಬರೀ ಸ್ವರ ಸಾಲದು ಅಂತ ಕಂಪಿತ, ಜಾರು ಮೊದಲಾದ ಗಮಕಗಳಿಗೆ, ಅಂದರೆ ಸ್ವರ ತೂಗುವ, ಜಾರುವ ರೀತಿಗಳಿಗೆ, ಬೇರೆ ಬೇರೆ ಗುರುತುಗಳನ್ನು ಬಳಸಿದ್ದು ಇದಕ್ಕೇ. ಅಮ್ಮ ಹಾಳೆ ಪಕ್ಕಕ್ಕಿಟ್ಟು ತಮ್ಮ ತೋಡಿ ನುಡಿಸಿದರು. ಅದ್ಭುತವಾಗಿತ್ತು, ಆದರೆ ಹಿಂದಿನ ವಯಲಿನ್‌ಗಳ ಜೊತೆ ಕಿತ್ತಾಡುತ್ತಿತ್ತು. ಹುಡುಗನಿಗೆ ಎಲ್ಲಿ ಅಂತ ಗೊತ್ತಾಗಲಿಲ್ಲ. ನಾನು ಸ್ಕೋರ್, ಅಂದರೆ ಎಲ್ಲರ ಭಾಗವೂ ಇರುವ ಹಾಳೆ, ಇಸಿದುಕೊಂಡು ನೋಡಿದೆ. ಎರಡನೇ ವಯಲಿನ್‌ಗಳು ಅದೇ ಗಾಂಧಾರವನ್ನು ನೆಟ್ಟಗೆ ಹಿಡಿದುಕೊಂಡಿದ್ದವು. ಇವರದು ತೂಗುತ್ತಿದೆ, ಅವರದು ನಿಂತಿದೆ. ರಬ್ಬರಿನಿಂದ ಅಳಿಸಿ, ಹಿಂದೆ ಷಡ್ಜ, ಪಂಚಮ ಮಾತ್ರ ಉಳಿಸಿದೆವು. ಹತ್ತು ನಿಮಿಷದ ಕೆಲಸ. ನಾನು ಚೆನ್ನೈನ ಆ ದಿನದ ಹಾಗೇ ಉಳಿದಿದ್ದರೆ ತೋಡಿ ಕೆಟ್ಟಿದೆ ಅನ್ನುವುದು ಗೊತ್ತಾಗುತ್ತಿತ್ತು, ಯಾರಿಂದ ಅನ್ನುವುದು ಗೊತ್ತಾಗುತ್ತಿರಲಿಲ್ಲ.

ಹೊಸದಾಗಿ ಸೆಷನ್‌ಗೆ ಬರುವ ಹುಡುಗರಿಗೆ ಒಂದು ಮಾತು ಹೇಳುತ್ತೇನೆ, ಪೆನ್ಸಿಲ್ ತನ್ನಿ ಅಂತ. ಪೆನ್ ಅಲ್ಲ. ಎಡವುವ ಜಾಗದ ಮೇಲೆ ಪುಟ್ಟ ಕನ್ನಡಕ ಬರೆದುಕೊಳ್ಳುವುದು ಹಳಬರ ರೂಢಿ, 'ಇಲ್ಲಿ ಕಣ್ಣು ಬಿಡು' ಅಂತ. ನನ್ನ ಹಾಳೆಗಳಲ್ಲಿ ಕನ್ನಡಕ ಇರುವುದು ಕಷ್ಟದ ಓಟಗಳ ಮೇಲಲ್ಲ, ಒನಕೆಗಳ ಮೇಲೆ. ಇನ್ನೊಂದು, ಬರದಿದ್ದರೆ ಫೋನಿನಲ್ಲೇ ಬರಲ್ಲ ಅನ್ನಿ. ಒಂದು ದಿನ ಮುಂಚೆ ಹಾಳೆ ಕಳಿಸಿಕೊಡುವ ಒಳ್ಳೆಯವರು ಇದ್ದಾರೆ.

ಈಗ ಎಲ್ಲರೂ ಒಂದೇ ಹಾಲ್‌ನಲ್ಲಿ ಕೂರುವ ಸೆಷನ್‌ಗಳು ಕಡಿಮೆ. ಜಾಸ್ತಿ ಕೆಲಸ ಮನೆಗೇ ಬರುತ್ತದೆ. ಪಿಡಿಎಫ್ ಒಂದು, ಕ್ಲಿಕ್ ಒಂದು. ನುಡಿಸಿ ಕಳಿಸಬೇಕು. ಕಾಲು ತುಳಿಯಲು ಪಕ್ಕದಲ್ಲಿ ಯಾರೂ ಇಲ್ಲ. ಹೋದ ವಾರ ಒಂದು ಬಂದಿತ್ತು, ಮಧ್ಯದಲ್ಲಿ ಮೂವತ್ತೆರಡು ಬಾರ್ ರೆಸ್ಟ್. ಕ್ಲಿಕ್ ಬಿಟ್ಟರೆ ಟ್ರ್ಯಾಕ್‌ನಲ್ಲಿ ಏನೂ ಇಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದೆ. ಹೆಂಡತಿ ಕಾಫಿ ತಂದಿಟ್ಟು, "ಸಕ್ಕರೆ ಎಷ್ಟು ಹಾಕಲಿ?" ಅಂದಳು.

"ಹತ್ತೊಂಬತ್ತು" ಅಂದೆ.

ಎಂಟ್ರಿ ಸರಿಯಾಗಿಯೇ ಬಂತು. ಅವಳು ನಕ್ಕಿದ್ದೂ ಆ ಟೇಕ್‌ನಲ್ಲಿದೆ, ಇಪ್ಪತ್ತನೇ ಬಾರ್‌ನಲ್ಲಿ.